ಎತ್ತರವಾಗದ ಸೀಟು

ಹೊಸ ಕಾರಿನ ರೆಕ್ಸಿನ್ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನಗೆ ಜೆ.ಪಿ. ನಗರದ ಆ ಶೋರೂಮಿನ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಒಂಬತ್ತು ವರ್ಷ. ನರ್ಸಾಗಿದ್ದ ಅಮ್ಮ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಅಪ್ಪನಿಗೆ ಕಾರು ಓಡಿಸೋಕೆ ಬರುತ್ತಿರಲಿಲ್ಲ. ಆದರೂ ಸೇಲ್ಸ್‌ಮನ್ ಮಾತಾಡಿದ್ದೆಲ್ಲ ಅಪ್ಪನ ಜೊತೆಗೇ. ಕೆಂಪು ಕಾರಿನ ಬಾಗಿಲನ್ನು ಮೆಲ್ಲಗೆ ತಳ್ಳಿ, "ಈ ಸೌಂಡ್ ಕೇಳಿ ಸಾರ್. ಧಪ್ ಅಂತು ನೋಡಿ, ಕೇಳಿದ್ರೇನೇ ಧೈರ್ಯ ಬರುತ್ತೆ," ಅಂದ. ಅಪ್ಪ ಬಾನೆಟ್ಟಿನ ನುಣುಪನ್ನು ಸವರುತ್ತಾ ನಿಂತುಬಿಟ್ಟರು.

ಅಮ್ಮನೂ ಮರುಳಾಗಿದ್ದಳು. ಸೀಟಿನ ದಪ್ಪ ಹೊಲಿಗೆಯ ಮೇಲೆ ಬೆರಳಾಡಿಸಿ, ಡ್ರೈವರ್ ಜಾಗದಲ್ಲಿ ಕೂತಳು. ಕುಳ್ಳಗಿದ್ದ ಅವಳಿಗೆ ಮುಂದೆ ಏನೂ ಸರಿಯಾಗಿ ಕಾಣಲಿಲ್ಲ.

"ಇದನ್ನ ಎತ್ತರ ಮಾಡೋದು ಹೇಗೆ?"

"ಆಗಲ್ಲ ಮೇಡಂ. ನಿಮ್ಮ ಸೀಟು ಆ ಕಡೆ. ಮೇಕಪ್‌ಗೆ ಅಂತಾನೇ ಕನ್ನಡಿ ಕೊಟ್ಟಿದ್ದಾರೆ."

ಅಮ್ಮನ ಮುಖ ಬಿಗಿಯಿತು. "ಗಾಡಿ ಓಡಿಸೋದು ನಾನು," ಎಂದು ಇಳಿದವಳೇ ಮೂಲೆಯಲ್ಲಿದ್ದ ಬೂದು ಬಣ್ಣದ, ಡಬ್ಬದಂಥ ಕಾರಿನಲ್ಲಿ ಹೋಗಿ ಕೂತಳು. ಬಾಗಿಲು ಹಾಕಿದಾಗ ತಗಡಿನ ಸದ್ದು ಬಂತು. ಪಕ್ಕದ ಲಿವರ್ ಎಳೆದಳು, ಸೀಟು ಮೇಲೆದ್ದಿತು.

"ಇದೇ ಇರಲಿ," ಅಂದಳು. ಅಪ್ಪ ಕೆಂಪು ಕಾರಿನತ್ತ ತಿರುಗಿ ತಿರುಗಿ ನೋಡಿದರು, ಆದರೆ ಬೇಡ ಅನ್ನಲಿಲ್ಲ.

ಅಮ್ಮ ಕಾರನ್ನು ಮನೆಗೆ ತಂದ ದಿನ ಅಜ್ಜಿ ಗೇಟಿನಲ್ಲೇ ನಿಂತು, "ಇದೇನೇ, ನೋಡೋಕೆ ಒಂಚೂರೂ ಚೆನ್ನಾಗಿಲ್ಲ!" ಅಂದರು.

"ಹೊರಗಿಂದ ನೋಡೋರಿಗಲ್ಲ ಅತ್ತೆ, ಇದು ನಂಗೆ. ಒಳಗೆ ಕೂತ್ರೆ ರಸ್ತೆ ಪೂರ್ತಿ ಕಾಣುತ್ತೆ," ಎಂದು ಅಮ್ಮ ಎಡಗಡೆಯ ಬಾಗಿಲು ತೆಗೆದಳು.

ಅಜ್ಜಿ ಸೆರಗು ಸುತ್ತಿಕೊಂಡು ಬಂದು, ಹತ್ತೋಕೆ ಹೊರಟಿದ್ದ ಅಪ್ಪನನ್ನು ಹಿಂದಿನ ಸೀಟಿಗೆ ಕಳಿಸಿ, ಮುಂದಿನ ಸೀಟಿನಲ್ಲೇ ಕೂತರು.