ಹಿತ್ತಿಲಿಗೆ ಓಡಿದ ವರ

ಹುಡುಗಿ ನೋಡಲು ಬಂದ ಅಚ್ಚುತ ಕಾಫಿಯ ಲೋಟವನ್ನು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, ಎರಡನೆಯ ಸಲ ಹಿತ್ತಿಲಿನ ಕಡೆಗೆ ಓಡಿದ. ಮೊದಲ ಸಲ ಹೋಗಿ ಬಂದು ಐದು ನಿಮಿಷವೂ ಆಗಿರಲಿಲ್ಲ.

ಜಗಲಿಯಲ್ಲಿ ಕೂತವರು ಮುಖಮುಖ ನೋಡಿಕೊಂಡರು. ಅವನ ತಾಯಿ ಪರಮೇಶ್ವರಿ ಸೆರಗು ಸರಿಮಾಡಿಕೊಂಡು, "ಆಲಂಕಾರಿನಿಂದ ಬಸ್ಸಿನಲ್ಲಿ ಕುಲುಕಿ ಕುಲುಕಿ ಬಂದದ್ದಲ್ವಾ" ಎಂದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಹುಡುಗಿಯ ತಂದೆ ವೆಂಕಟ್ರಮಣ ಮೇಷ್ಟ್ರಿಗೆ ತಮ್ಮದೇ ತಲೆಬಿಸಿ ಸಾಕಷ್ಟಿತ್ತು. ಶೀಲಾವತಿ ಈಗಾಗಲೇ ಇಬ್ಬರು ವರರನ್ನು ಬೇಡವೆಂದಿದ್ದಳು. ಈ ವರ ನೋಡಲು ಬರುವ ದಿನ ಗೊತ್ತಾದಾಗಲೂ, "ಅಪ್ಪ, ಆ ದಿನ ಮಾತ್ರ ಬೇಡ. ಮರುದಿನ ಇಟ್ಟುಕೊಳ್ಳಿ" ಎಂದು ಅತ್ತಿದ್ದಳು. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಹತ್ತು ದಿನಗಳಿಂದ ಮಧ್ಯಾಹ್ನವಾದರೆ ಸಾಕು, ಕಸೂತಿ ಕಲಿಯಲೆಂದು ಗೆಳತಿ ರುಕಿಯಾಳ ಮನೆಗೆ ಹೋಗುತ್ತಿದ್ದಳು. ಇವತ್ತು ಅದೂ ಬೇಡವೆಂದಾಗ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಇವಳಿಗೆ ಮದುವೆಯೇ ಬೇಡವೇನೋ ಎಂದು ಮೇಷ್ಟ್ರು ಒಳಗೊಳಗೇ ಕುಸಿದಿದ್ದರು.

ಆದರೂ ಕಾಫಿಯನ್ನು ಅವಳೇ ತಂದಳು. ಅಚ್ಚುತನಿಗೆ ಲೋಟ ಕೊಡುವಾಗ ಅವಳ ತುಟಿ ಅಲ್ಲಾಡಿತು. ಸಕ್ಕರೆ ಸಾಕೇ ಎಂದು ಕೇಳಿರಬೇಕು. ಅವನು ಕಣ್ಣರಳಿಸಿ ಅವಳನ್ನು ನೋಡಿ, "ಆಗ್ಬಹುದು" ಎಂದ. ಆಮೇಲೆಯೇ ಈ ಓಡಾಟ ಶುರುವಾದದ್ದು.

ಅಚ್ಚುತ ಏದುಸಿರು ಬಿಡುತ್ತ ಮರಳಿದ. ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

"ಎಂತಾಯ್ತು?" ಎಂದು ಕೇಳಿದವರು ದೇರಣ್ಣ, ಹುಡುಗಿಯ ಸೋದರಮಾವ. ಹಿಂದೊಮ್ಮೆ ಯಾರೋ ಒಬ್ಬ ವರ ಎರಡು ಸಲ ಕೆಮ್ಮಿದ್ದಕ್ಕೆ ಸಂಬಂಧ ಬೇಡವೆಂದು ತಮ್ಮ ಊರು ಮರ್ಕಂಜಕ್ಕೆ ಎದ್ದುಹೋದ ಮನುಷ್ಯ.

"ಎರಡಾಯ್ತು!" ಎಂದ ಅಚ್ಚುತ, ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ.

ಒಳಗೆ ಸೌಟೊಂದು ಠಣ್ಣನೆ ಬಿತ್ತು.

ದೇರಣ್ಣ ಮೇಷ್ಟ್ರ ಕಿವಿಗೆ ಬಾಗಿದರು. "ಭಾವ, ಲೆಕ್ಕ ಇಟ್ಟು ಹೇಳ್ತಾನಲ್ಲ! ನಾಚಿಕೆಯಾದ್ರೂ ಬೇಡವಾ? ಇದು ಹಳೇ ಹೊಟ್ಟೆಯ ಕಾಯಿಲೆ."

ಮಾತು ಅಚ್ಚುತನ ಸೈಕಲ್ ಅಂಗಡಿಯತ್ತ ಹೊರಳಿತು. ಉಪ್ಪಿಟ್ಟು ಬಂತು, ಬಾಳೆಹಣ್ಣು ಬಂತು. ಅರ್ಧ ಗಂಟೆ ಕಳೆದಿರಬೇಕು, ಅಚ್ಚುತ ಮತ್ತೆ ಎದ್ದ. ತಿರುಗಿ ಬಂದವನೇ, "ಹಾಗೇ ಉಂಟು. ಎರಡರಲ್ಲೇ ನಿಂತಿದೆ" ಎಂದು ಕೂಗಿದ.

"ದೇವರು ದೊಡ್ಡವ" ಎಂದು ಪರಮೇಶ್ವರಿ ಕೈ ಮುಗಿದರು.

ದೇರಣ್ಣ ಮೆಂತೆ ಹಾಕಿದ ಮಜ್ಜಿಗೆ ತರಿಸಿದರು. ಶೀಲಾವತಿಯೇ ತಂದಳು. ಅವಳ ತುಟಿ ಮತ್ತೊಮ್ಮೆ ಅಲ್ಲಾಡಿತು. ಅಚ್ಚುತ ಒಂದೇ ಗುಟುಕಿಗೆ ಮಜ್ಜಿಗೆ ಮುಗಿಸಿ ಹೊರಟೇಹೋದ.

ಈ ಸಲ ಅವನು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. "ಅವರಿಗೂ ಒಂದಾಯ್ತು!" ಎಂದು ಬಾಗಿಲಲ್ಲೇ ಕಿರುಚಿದ.

"ಯಾರಿಗೆ ಮಾರಾಯ?" ಎಂದರು ದೇರಣ್ಣ.

ಉತ್ತರ ಕೊಡಲು ಅವನು ಅಲ್ಲಿದ್ದರಲ್ಲವೇ? ಆಗಲೇ ಮತ್ತೆ ಹಿತ್ತಿಲಿಗೆ ಓಡಿದ್ದ. ಹಿತ್ತಿಲಿನಲ್ಲಿ ಇನ್ನೊಬ್ಬ ರೋಗಿಯೂ ಇದ್ದಾನೆಯೇ? ದೇರಣ್ಣ ಪಂಚೆ ಎತ್ತಿ ಕಟ್ಟಿ ಹಿಂದೆಯೇ ಓಡಿದರು.

ಹಿತ್ತಿಲಿನ ಕೊನೆಗೆ ತುಂಬಿ ಹರಿಯುವ ತೋಡು. ಅದರ ಸದ್ದಿನಲ್ಲಿ ಆಚೆಯ ಗಲಾಟೆ ಈಚೆಗೆ ಕೇಳುವಂತಿರಲಿಲ್ಲ. ಅಚ್ಚುತ ನೀರಿಗಿಳಿದು ದಾಟಿ, ರುಕಿಯಾಳ ತಂದೆ ಪೋಕರ್ ಸಾಹುಕಾರರ ಜಗಲಿ ಹತ್ತಿದ್ದ. ಅಲ್ಲಿ ಸವಣೂರು ಪೇಟೆಯ ಅರ್ಧ ಜನ ಒಂದು ರೇಡಿಯೋದ ಸುತ್ತ ಉಸಿರು ಬಿಗಿಹಿಡಿದು ಕೂತಿದ್ದರು. ಜಕಾರ್ತದಲ್ಲಿ ೧೯೬೨ರ ಏಷ್ಯಾ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್ ನಡೆಯುತ್ತಿತ್ತು. ಭಾರತಕ್ಕೆ ಎರಡು ಗೋಲು, ದಕ್ಷಿಣ ಕೊರಿಯಕ್ಕೆ ಒಂದು. ರೇಡಿಯೋದ ಇಂಗ್ಲಿಷನ್ನು ಪೋಕರ್ ಬೆವರು ಸುರಿಸುತ್ತ ತುಳುವಿಗೆ ತಿರುಗಿಸುತ್ತಿದ್ದರು.

ದೇರಣ್ಣ ಅಚ್ಚುತನ ರಟ್ಟೆ ಹಿಡಿದರು. "ಹೆಣ್ಣು ನೋಡ್ಲಿಕ್ಕೆ ಬಂದವ ನೀನು ಇಲ್ಲಿ ಎಂತ ಮಾಡುದು?"

"ಬಾಯಿ ಮುಚ್ಚಿ ಮಾರಾಯ್ರೆ!" ಪೋಕರ್ ಗದರಿದರು. "ಇನ್ನು ನಾಲ್ಕೇ ನಿಮಿಷ ಉಂಟು!"

ದೇರಣ್ಣ ಬಾಯಿ ಮುಚ್ಚಿದರು. ಕೊರಿಯದವರು ನುಗ್ಗಿ ಬಂದರಂತೆ. ದೇರಣ್ಣನ ಹಿಡಿತ ಬಿಗಿಯಿತು. ನಮ್ಮವರು ಚೆಂಡನ್ನು ಆಚೆ ಒದ್ದರಂತೆ. ಹಿಡಿತ ಸಡಿಲವಾಯಿತು. ಮತ್ತೆ ಬಂದರಂತೆ. ದೇರಣ್ಣ ಕಣ್ಣು ಮುಚ್ಚಿ ಸುಬ್ರಹ್ಮಣ್ಯನಿಗೆ ಹರಕೆ ಹೇಳಿಕೊಂಡರು.

ಆಟ ಮುಗಿದ ಸೀಟಿ ಕೇಳಿಸಿತು. ಪೋಕರ್ ಟೊಪ್ಪಿಯನ್ನು ಹಂಚಿನ ಮಾಡಿಗೆಸೆದರು. ಅವರ ತಾಯಿ ಕದೀಜಮ್ಮ ಬೆಲ್ಲದ ಡಬ್ಬ ತಂದು ಸಿಕ್ಕಿದವರ ಬಾಯಿಗೆಲ್ಲ ತುರುಕಿದರು. ದೇರಣ್ಣ ಅಚ್ಚುತನನ್ನು ಹೆಗಲ ಮೇಲೆ ಕೂರಿಸಿಕೊಂಡೇ ತೋಡು ದಾಟಿದರು.

"ಭಾವ, ಕಾಯಿಲೆ ಅಲ್ಲ! ಫುಟ್‌ಬಾಲ್ ಹುಚ್ಚು! ನಾವು ಗೆದ್ದೆವು!"

ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಮೊದಲೇ ಮನಸ್ಸಿಲ್ಲದ ಹುಡುಗಿ. ಅವಳನ್ನು ಬಿಟ್ಟು ಚೆಂಡಿನ ಹಿಂದೆ ಓಡಿದ ಹುಡುಗ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಮಗಾ, ನಿನಗೆ ಇಷ್ಟ ಇಲ್ಲದಿದ್ರೆ ಒತ್ತಾಯ ಇಲ್ಲ."

ಶೀಲಾವತಿ ತಿರುಗಿದಳು. ಊದಿದ ಕಣ್ಣುಗಳು ಹೊಳೆಯುತ್ತಿದ್ದವು. "ಇವರೇ ಆಗ್ಬೇಕು ಅಪ್ಪ. ದಿನ ಬೇಗ ನೋಡಿ."

ಮೇಷ್ಟ್ರು ಪಂಚಾಂಗ ಹುಡುಕಲು ಓಡಿದರು.

ಸಂಜೆ ಬಸ್ಸಿಗೆ ಕಾಯುತ್ತ ಪರಮೇಶ್ವರಿ ಮಗನ ಕಿವಿ ಹಿಂಡಿದರು. "ಹುಟ್ಟಿದ ಮೇಲೆ ನೀನು ಚೆಂಡು ಮುಟ್ಟಿದ್ದನ್ನು ನಾನು ನೋಡಿಲ್ಲ. ಈ ಹುಚ್ಚು ಯಾವಾಗ ಹಿಡಿದದ್ದು?"

"ನನಗೆಲ್ಲಿಯ ಹುಚ್ಚು ಅಮ್ಮ? 'ದಮ್ಮಯ್ಯ, ತೋಡಿನಾಚೆ ರೇಡಿಯೋ ಉಂಟು, ಎಷ್ಟಾಯ್ತು ಅಂತ ಕೇಳಿ ಬಂದು ಗಟ್ಟಿಯಾಗಿ ಹೇಳಿ' ಅಂತ ಕಾಫಿ ಕೊಡುವಾಗ ಅವಳೇ ಹೇಳಿದ್ದು."