ಹೂ ಮುಡಿಸಿದ ಮೇಲೆ

ಹುಡುಗ ಅಣುವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಮದುವೆಯಾದರೆ ವಾರಿಜಾ ಆ ಸ್ಥಾವರದ ಕಾಲೊನಿಯಲ್ಲೇ ಬಾಳಬೇಕು. ಉಪ್ಪಿಟ್ಟಿನ ತಟ್ಟೆ ಕೊಟ್ಟು ಬಾಗಿಲ ಮರೆಗೆ ಸರಿದು ನಿಂತವಳ ಎದೆಯಲ್ಲಿ ಅದೊಂದೇ ಮುಳ್ಳು ಚುಚ್ಚುತ್ತಿತ್ತು. ಅವಳು ಬಾಯಿಬಿಟ್ಟು ಕೇಳಲಾರದ್ದನ್ನು ಚಿಕ್ಕಪ್ಪ ಕೇಳಿಯೇಬಿಟ್ಟ.

"ಅಲ್ಲಪ್ಪಾ, ಮೇಲೆ ಸೂರ್ಯ ಪುಕ್ಕಟೆ ಉರೀತಿದ್ದಾನೆ, ಗುಡ್ಡದ ಮೇಲೆ ಗಾಳಿ ಬೀಸ್ತಿದೆ. ಅದೆಲ್ಲ ಬಿಟ್ಟು ಆ ಭೂತವನ್ನ ಯಾಕೆ ಕಟ್ಕೊಂಡು ಕೂತಿದೀರಿ?"

ಹುಡುಗ ನಕ್ಕ. "ಸೂರ್ಯ ಸಂಜೆ ಆದ್ರೆ ಮನೆಗೆ ಹೋಗ್ತಾನೆ ಮಾವ, ಗಾಳಿ ಹೇಳದೆ ಕೇಳದೆ ರಜಾ ಹಾಕುತ್ತೆ. ಕಲ್ಲಿದ್ದಲು ಸುಟ್ಟರೆ ಬೂದಿಯೆಲ್ಲ ನಮ್ಮ ಎದೆಗೂಡಿಗೆ. ನಮ್ಮ ಭೂತ ಹೊಗೆ ಉಗುಳಲ್ಲ, ರಜೆ ಕೇಳಲ್ಲ. ಅಪ್ಪನ ಕಾಲದಿಂದ ಅದರ ಗೋಡೆ ಪಕ್ಕದಲ್ಲೇ ಇದೀವಿ. ನೋಡಿ, ನನಗೇನಾದ್ರೂ ಕೊಂಬು ಮೂಡಿದೆಯಾ?"

ಚಿಕ್ಕಪ್ಪನಿಗೂ ನಗು ತಡೆಯಲಾಗಲಿಲ್ಲ. ವಾರಿಜಾಳ ಅಪ್ಪ ಬಾಗಿಲ ಕಡೆ ತಿರುಗಿ, "ಏನಮ್ಮಾ, ನಿನ್ನ ಮಾತೇ ಕೊನೆ," ಎಂದರು. ಆ ನಗು ಕೊಟ್ಟ ಧೈರ್ಯದಲ್ಲಿ ಅವಳು "ಹೂಂ" ಎಂದಳು.

ಹುಡುಗನ ತಾಯಿ ಒಳಗೆ ಬಂದು ಅವಳಿಗೆ ಮಲ್ಲಿಗೆ ಮುಡಿಸಿದರು, ಲಟಿಕೆ ಮುರಿದು ದೃಷ್ಟಿ ತೆಗೆದರು. ಆಮೇಲೆ ವಾರಿಜಾಳ ತಾಯಿಯನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ಒಂದು ಮಾತು ಬೀಗಿತ್ತೀ. ಏಳನೇ ತಿಂಗಳು ತುಂಬಲಿ ಅಂತ ಕಾಯಬೇಡಿ. ಬಸಿರು ಅಂತ ಗೊತ್ತಾದ ದಿನವೇ ಇವಳನ್ನ ತವರಿಗೆ ಕರ್ಕೊಂಡು ಬಂದುಬಿಡಿ. ಮೊದಲಿನ ಎರಡಕ್ಕೂ ನಾನು ಆ ಕಾಲೊನಿಯಲ್ಲೇ ಉಳಿದಿದ್ದೆ. ಬುದ್ಧಿ ಬಂದು ತವರಿಗೆ ಹೋಗಿದ್ದಕ್ಕೆ ಇವನೊಬ್ಬ ದಕ್ಕಿದ."