ಒಂಟಿ ಸೀನು

ಪರದೆಯ ಮೇಲೆ ಒಂದು ದಪ್ಪ ಮೂಗು ಕಾಣಿಸಿಕೊಂಡಿತು. ಹಿಗ್ಗಿತು, ಕುಗ್ಗಿತು, ಆಮೇಲೆ ಗೋಡೆ ಅದುರುವಂತೆ ‘ಆಕ್ಷೀ’ ಎಂದಿತು. ಮೂಗುತಿ ಹಾರಿ ಚೂರಾಯಿತು. ಚೂರುಗಳೆಲ್ಲ ಕೂಡಿ ‘ಮೂಕ್ಕುತ್ತಿ ಪ್ರೊಡಕ್ಷನ್ಸ್’ ಎಂಬ ಅಕ್ಷರಗಳಾದವು. ಎಲ್ಲ ಸೇರಿ ಐದೇ ಸೆಕೆಂಡು. ಯಜ್ಞನಾರಾಯಣರು ಟೇಪ್ ನಿಲ್ಲಿಸಿದರು.

“ಎಂತ ಮಾರಾಯ್ತಿ ಇದು! ಧಾರಾವಾಹಿ ಶುರುವಾಗುವ ಮೊದಲೇ ಒಂಟಿ ಸೀನಾ? ಅಪಶಕುನ. ಆಗುದಿಲ್ಲ.”

ತಿರುವನಂತಪುರದ ಆ ಚಾನೆಲ್ಲಿನಲ್ಲಿ ಅವರ ಸಹಿಯಿಲ್ಲದೆ ಯಾವ ಟೇಪೂ ಪ್ರಸಾರವಾಗುತ್ತಿರಲಿಲ್ಲ. ಉಡುಪಿ ಕಡೆಯವರು, ರಾಹುಕಾಲದಲ್ಲಿ ಪೆನ್ನಿನ ಮುಚ್ಚಳವನ್ನೂ ತೆಗೆಯದವರು. ಲೋಗೊ ಮಾಡಿದ ರಮ್ಯಶ್ರೀ ಮೈಸೂರಿನವಳು. ಕೊಚ್ಚಿಯ ಐಟಿ ಪಾರ್ಕಿನಲ್ಲಿ ನೌಕರಿ, ರಜೆ ಬಂತೆಂದರೆ ಗ್ರಾಫಿಕ್ಸ್ ಹುಚ್ಚು. ಕನ್ನಡದವರೇ ಸಿಕ್ಕಿದರು, ಇನ್ನೇನು ಕೆಲಸ ಆದ ಹಾಗೇ ಎಂದು ಬೆಳಗಿನ ರೈಲಿನುದ್ದಕ್ಕೂ ಬೀಗಿಕೊಂಡು ಬಂದವಳು ಈಗ ಇಂಗು ತಿಂದ ಮಂಗನಂತಾಗಿದ್ದಳು.

“ಸಾರ್, ನಾಳೆ ಸಂಜೆ ಏಳೂವರೆಗೆ ಮೊದಲನೇ ಕಂತು ಸಾರ್.”

“ಮೊದಲು ಕಳಿಸಿದ್ದಿರಲ್ಲ, ದೀಪದ ಲೋಗೊ, ಅದನ್ನೇ ಹಾಕುವ. ಲಕ್ಷಣವಾಗಿತ್ತು.”

ದೀಪದ ಲೋಗೊ, ತಾವರೆಯ ಲೋಗೊ ಎರಡನ್ನೂ ಆಮೇಲೆ ಬೇಡವೆಂದವಳು ಪಕ್ಕದ ಕುರ್ಚಿಯಲ್ಲೇ ಇದ್ದಳು. ಹಾಸ್ಯನಟಿ ವಸಂತಿ, ಮೂಕ್ಕುತ್ತಿ ಕಂಪನಿಯ ಒಡತಿ. ಕನ್ನಡ ಬಾರದಿದ್ದರೂ ಯಜ್ಞನಾರಾಯಣರು ಆಗದು ಎಂದು ತಲೆಯಾಡಿಸಿದ್ದು ಅವಳಿಗೆ ಅರ್ಥವಾಯಿತು. ಮಟ್ಟಾಂಚೇರಿಯ ಕಾಳುಮೆಣಸಿನ ಗೋದಾಮಿನ ಹಿಂದೆ ಬೆಳೆದವಳು, ಬುದ್ಧಿ ಬಂದಾಗಿನಿಂದ ಸೀನು. ಮನೆಯಿಂದ ಯಾರು ಒಳ್ಳೆಯ ಕೆಲಸಕ್ಕೆ ಹೊರಟರೂ ಮೊದಲು ಅವಳನ್ನು ಹಿತ್ತಲಿಗೆ ಅಟ್ಟುತ್ತಿದ್ದರು. ಅಕ್ಕ ಮದುಮಗಳಾಗಿ ಹೊರಟದ್ದನ್ನೂ ಅವಳು ನೋಡಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಅದೇ ಸೀನಿನಿಂದ ಊರೂರ ವೇದಿಕೆಗಳಲ್ಲಿ ಜನರನ್ನು ನಗಿಸಿದಳು. ತನ್ನದೇ ಕಂಪನಿ ಎಂದಾದಾಗ ಹಠ ಹಿಡಿದಳು: ಮೊದಲು ಸೀನು, ಮಿಕ್ಕಿದ್ದೆಲ್ಲ ಆಮೇಲೆ. ಆ ಕಥೆ ಕೇಳಿದ ದಿನ ರಮ್ಯಶ್ರೀ ಅತ್ತುಬಿಟ್ಟಿದ್ದಳು.

“ವಸಂತಿ ಚೇಚ್ಚಿಗೆ ಇದೇ ಬೇಕು ಸಾರ್. ದೀಪ ಎಲ್ರ ಹತ್ರಾನೂ ಇದೆ.”

“ಬೇಕು ಅಂದ್ರೆ ಆಯ್ತಾ? ನಂಗೆ ಮೂರು ಗಂಟೆಗೆ ಮೀಟಿಂಗ್ ಉಂಟು.” ಯಜ್ಞನಾರಾಯಣರು ಫೈಲನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಬಾಗಿಲಿನತ್ತ ನಡೆದರು.

ವಸಂತಿ ಸೀನಿದಳು. ಅದು ನಿಜದ್ದೋ ವೇದಿಕೆಯದೋ ರಮ್ಯಶ್ರೀಗೂ ಗೊತ್ತಾಗಲಿಲ್ಲ.

ಯಜ್ಞನಾರಾಯಣರ ಕಾಲು ಹೊಸ್ತಿಲ ಹತ್ತಿರವೇ ನಿಂತಿತು. ಅವರು ತಿರುಗಿ ಬಂದು ಕುರ್ಚಿಯಲ್ಲಿ ಕೂತರು, ಒಂದು ಗುಟುಕು ನೀರು ಕುಡಿದರು.

“ಸಾರ್ ಕೂತ್ಕೊಂಡ್ರಲ್ಲ,” ಎಂದಳು ವಸಂತಿ ಮಲಯಾಳದಲ್ಲಿ, ಬಹಳ ವಿನಯದಿಂದ. “ನಾಳೆ ವಾರ್ತೆ ಮುಗೀತು ಅಂತ ಏಳೋಕೆ ಹೊರಟ ಮನೆಮನೆಯವರೂ ಹೀಗೇ ಕೂತ್ಕೊಳ್ತಾರೆ.”

ಯಜ್ಞನಾರಾಯಣರು ಕೈಯಲ್ಲಿದ್ದ ಲೋಟವನ್ನು ನೋಡಿದರು, ತಾವು ಕೂತ ಕುರ್ಚಿಯನ್ನು ನೋಡಿದರು. ನಗುವಿಗೆ ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಭುಜ. ಕಣ್ಣೊರೆಸಿಕೊಳ್ಳುತ್ತಲೇ ಹಾಳೆ ಎಳೆದುಕೊಂಡು ಸಹಿ ಹಾಕಿದರು. ರಮ್ಯಶ್ರೀಗೆ ಅಲ್ಲೇ ಕುಣಿಯಬೇಕೆನಿಸಿತು.

ಸಹಿ ಹಾಕಿದವರಿಗೆ ಈಗ ಹುರುಪು ಬಂದಿತ್ತು. ಮಲಯಾಳದಲ್ಲೇ ಹೇಳಿದರು: “ಅಲ್ಲ ವಸಂತಿಯವರೇ, ಶುರುವಿಗೆ ಮಾತ್ರ ಯಾಕೆ? ಜಾಹೀರಾತು ಬರುವ ಮೊದಲೂ ಒಂದು ಸೀನು ಹಾಕಿ. ಜನ ಎದ್ದು ಹೋಗುವುದು ಆಗಲೇ.”

ವಸಂತಿ ಸೆರಗಿನಿಂದ ಮೂಗೊರೆಸಿಕೊಂಡಳು.

“ಅಯ್ಯೋ, ಬೇಡ ಸಾರ್. ಎರಡಾದ್ರೆ ಶುಭಶಕುನ. ಎಲ್ಲಾ ಎದ್ದು ಹೊರಟೇಬಿಡ್ತಾರೆ.”